ಸುಳಿಯ ಮರುಪರೀಕ್ಷೆ

ಹಸು ವ್ಯಾಪಾರ ಮಾಡುವವನಿಗೆ ಬೇರೆ ವಿಜ್ಞಾನ ಕಲಿಸಬೇಕಾಗಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಹಿರೀಸಾವೆಯ ಸುತ್ತ ಯಾರೇ ಹಸು ಕೊಳ್ಳಲಿ, ಹಣೆಯ ಕೂದಲ ಸುಳಿ ನೋಡಿ ಗುಣ ಹೇಳಲು ನಾನೇ ಬೇಕು. ಸುಳಿ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಸಾಧು, ಮೇಲಿದ್ದರೆ ಒದೆ. ಹೀಗೆ ಹೇಳಿ ಹೇಳಿಯೇ ಮನೆ ಕಟ್ಟಿಸಿದವನು ನಾನು!

ಹೀಗಿರುವಾಗ ಹಾಸನದಲ್ಲಿ ಪಶುವೈದ್ಯಕೀಯ ಓದುತ್ತಿರುವ ತಮ್ಮನ ಮಗಳು ರಶ್ಮಿ ಚಿಂತೆ ಹೊತ್ತು ಬಂದಳು. ಕಾಲೇಜಿನ ಕೆಲಸಕ್ಕೆ ಹಳೆಯ ಅಧ್ಯಯನವೊಂದನ್ನು ಮತ್ತೆ ಮಾಡಿ, ಅದೇ ಫಲ ಬರುತ್ತದೆಯೇ ಎಂದು ನೋಡಬೇಕಂತೆ. ಆರಿಸಲು ಮೂರಿದ್ದವು. ಸಂಗೀತ ಕೇಳಿದ ಹಸು ಹೆಚ್ಚು ಹಾಲು ಕೊಡುತ್ತದೆ ಎಂಬುದೊಂದು, ಹೆಸರಿಟ್ಟು ಕರೆದರೆ ಕೊಡುತ್ತದೆ ಎಂಬುದೊಂದು. ಮೂರನೆಯದನ್ನು ಹೇಳುವ ಮೊದಲೇ ನಾನು ಬಾಯಿ ಹಾಕಿದೆ. ಸಲಹೆ ಕೊಡುವ ಅವಕಾಶ ಸಿಕ್ಕರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

“ನೋಡವ್ವ, ಎಲ್ರೂ ಒಗಳೋ ಹಸುಗೇ ಮೊದ್ಲು ಬಾಯಿ ಬಿಡ್ಸಿ ಹಲ್ಲು ನೋಡ್ಬೇಕು. ಯಾವ್ದನ್ನ ಜನ ನಂಬ್ಕಂಡು ಕಾಸು ಸುರೀತಾರೋ, ಯಾರೂ ತಿರುಗಿ ಪರೀಕ್ಷೆ ಮಾಡಿಲ್ವೋ, ಅದ್ನೇ ಇಡ್ಕೊ. ಸುಳ್ಳಾದ್ರೂ ಯಾರ್ಗೂ ನಷ್ಟ ಇಲ್ದಿರೋದನ್ನ ಬಿಟ್ಟಾಕು.”

ರಶ್ಮಿಯ ಮುಖ ಅರಳಿತು. “ಹಂಗಾದ್ರೆ ಮೂರ್ನೇದೇ ಸರಿ ದೊಡ್ಡಪ್ಪ. ಸುಳಿ ನೋಡಿ ಹಸು ಗುಣ ಹೇಳ್ಬೋದು ಅಂತ ಇರೋದು.”

ಕಾಫಿ ಲೋಟ ಕೆಳಗಿಟ್ಟು ಎದ್ದುಬಿಟ್ಟೆ. ಮಾರನೆಯ ದಿನವೇ ಅರಕಲಗೂಡಿನ ಗಿರಾಕಿಯೊಬ್ಬ ನನ್ನ ಕೆಂಪು ಹಸು ನೋಡಲು ಬರುವವನಿದ್ದ, ಅದೂ ಸುಳಿಯ ಭರವಸೆಯ ಮೇಲೆ. ಕಾಲೇಜಿನವರೇ ಸುಳಿಯನ್ನು ಅನುಮಾನಿಸುತ್ತಾರೆಂಬ ಸುದ್ದಿ ಸಂತೆಗೆ ಬಿದ್ದರೆ ನನ್ನ ಮಾತನ್ನು ಯಾರು ಕೇಳುತ್ತಾರೆ?

ಜಗಲಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಜಗಲಿಗೆ ಅಲೆಯುತ್ತಲೇ ಚೌಕಾಸಿಗಿಳಿದೆ. ಸಂಗೀತವಾದರೆ ಸ್ಪೀಕರ್ ನನ್ನದು, ಹೆಸರಾದರೆ ನಾಮಕರಣದ ಊಟವೂ ನನ್ನದು ಎಂದೆ. ಅವಳು ಜಗ್ಗಲಿಲ್ಲ. ನಾನು ಕೊಟ್ಟ ಕಾರಣಗಳನ್ನೇ ಒಂದೊಂದಾಗಿ ನನಗೆ ಒಪ್ಪಿಸಿದಳು.

“ಹಗ್ಗ ಹೊಸೆದು ಕೊಟ್ಟೋರು ನೀವೇ. ಈಗ ಕತ್ಗೆ ಬಿತ್ತು ಅಂದ್ರೆ?” ಎಂದಳು ನನ್ನ ಹೆಂಡತಿ.

ಮಾನ ಉಳಿಸಿಕೊಳ್ಳಲು ಕೊನೆಗೊಂದು ಉಪಾಯ ಹೂಡಿದೆ. ಗಿರಾಕಿ ಬಂದಾಗ ರಶ್ಮಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ಕೆಂಪಿಯ ಹಣೆ ತೋರಿಸಿದೆ. ಇಂಥ ತಗ್ಗಿನ ಸುಳಿಯ ಹಸು ಕಾಲೆತ್ತಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲವೆಂದು ಘೋಷಿಸಿ, ಕೆಚ್ಚಲಿಗೆ ಕೈ ಹಾಕಿದೆ.

ಕಂಡೆ! ಸಗಣಿ ಗುಂಡಿಯಲ್ಲಿ ಬಿದ್ದುಕೊಂಡು ಕಂಡೆ.

“ಸುಳಿ ಚೆನ್ನಾಗೈತೆ ಕಣಣ್ಣ, ನೀವೇ ಇಟ್ಕಳಿ” ಎಂದು ಗಿರಾಕಿ ಬೈಕು ಹತ್ತಿದ.

ಬಿದ್ದಲ್ಲಿಂದಲೇ ನಾನು ವಾದಿಸಿದೆ: ಒಂದು ಹಸು ಒದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ನಾಲ್ಕು ತಾಲ್ಲೂಕಿನ ಹಸುಗಳನ್ನಾದರೂ ನೋಡಬೇಕು!

“ಅದ್ಕೇ ಅಲ್ವಾ ದೊಡ್ಡಪ್ಪ ನಾನು ಮಾಡ್ತೀನಿ ಅಂತಿರೋದು?” ಎಂದಳು ರಶ್ಮಿ.

ಈಗ ಚನ್ನರಾಯಪಟ್ಟಣದಿಂದ ಹೊಳೆನರಸೀಪುರದವರೆಗೆ ಕೊಟ್ಟಿಗೆ ಕೊಟ್ಟಿಗೆ ಅಲೆದು ಅವಳ ಪರೀಕ್ಷೆಗೆ ಹಸು ಒದಗಿಸುವ ಕೆಲಸ ನನ್ನದೇ. ನಾನು ಒದೆ ತಿಂದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಜನ ಒಪ್ಪುತ್ತಾರೆ. ಒಪ್ಪುವ ಮುನ್ನ ನನ್ನ ಸುತ್ತ ಒಂದು ಸುತ್ತು ಬಂದು, ಸೊಂಟ ನೋಡಿ, “ಎಲ್ಲಿ, ನಾಕೆಜ್ಜೆ ನಡೀರಿ ನೋಡನ” ಅನ್ನುತ್ತಾರೆ. ನಡೆದು ತೋರಿಸುತ್ತೇನೆ.

ಬೆಲೆ ಕೇಳಿದವರು ಮಾತ್ರ ಇನ್ನೂ ಯಾರೂ ಇಲ್ಲ!