ಪಂಕಜಾಕ್ಷಿಯ ಹೆಪ್ಪು ಮತ್ತು ಕ್ರಿಮಿಧ್ವಂಸಿ

ಪಂಕಜಾಕ್ಷಿ ಕಾವಲಿಯ ಮೇಲಿನ ದೋಸೆ ಮಗುಚುತ್ತಿದ್ದಾಗ ಹಜಾರದಿಂದ ಗಂಡನ ಕೂಗು ಬಂತು.

"ಲೇ, ಬಾರೇ! ಇತಿಹಾಸ ನೋಡ್ಬಾ!"

"ಇತಿಹಾಸ ಕಾಯತ್ತೆ ರೀ, ದೋಸೆ ಸೀದುಹೋಗತ್ತೆ!"

ಸದಾನಂದಯ್ಯ ಬಿಡುವ ಆಸಾಮಿಯಲ್ಲ. ಹೋದ ವಾರ ಬೀದಿಗೆ ಬೀದಿಯೇ ವಾಂತಿಭೇದಿಯಿಂದ ಮಲಗಿತ್ತು. ಆ ರೊಚ್ಚಿಗೆ ಅವರು ಹಳೇ ವಾಷಿಂಗ್ ಮೆಷಿನ್ ಬಿಚ್ಚಿ ಕಟ್ಟಿದ ಯಂತ್ರ ಗಾಲಿಗಳ ಮೇಲೆ ನಿಂತಿತ್ತು. ಹೆಸರು ಕ್ರಿಮಿಧ್ವಂಸಿ. ಅದು ಬಾಗಿಲ ಹಿಡಿ ಮೂಸಿ, "ನಲವತ್ತು ಲಕ್ಷ ಶತ್ರುಗಳು!" ಎಂದು ಗುಡುಗಿ, ಔಷಧಿ ಸಿಂಪಡಿಸಿ ಒರೆಸಿತು. ನಲ್ಲಿ, ಸ್ವಿಚ್ಚು, ಫೋನು, ಎಲ್ಲಕ್ಕೂ ಅದೇ ಮರ್ಯಾದೆ. ಒಲೆ ಆರಿಸಿ ಬಂದು ನೋಡಿದ ಪಂಕಜಾಕ್ಷಿಗೂ ಮೆಚ್ಚುಗೆಯಾಯಿತು. ಹತ್ತು ಜನ ಮುಟ್ಟಿದ್ದನ್ನು ಶುಚಿ ಮಾಡದಿದ್ದರೆ ರೋಗ ಮನೆಯಿಂದ ಮನೆಗೆ ದಾಟುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ವಾರ ವಾಂತಿಯ ಬಕೆಟ್ಟು ಹೊತ್ತವಳು ಅವಳೇ.

ಅಷ್ಟರಲ್ಲಿ ಯಂತ್ರ ಅಡುಗೆಮನೆಯತ್ತ ಮೂಗು ತಿರುಗಿಸಿತು.

"ಮಹಾ ಅಪಾಯ! ಕೋಟಿ ಕೋಟಿ!"

"ರೀ, ಅದು ದೋಸೆಹಿಟ್ಟು ಕಣ್ರೀ! ಹುಳಿ ಬಂದಿದೆ ಅಷ್ಟೇ!"

ನೀಲಿ ಬೆಳಕು ಚಿಮ್ಮಿತು. ಉಬ್ಬಿದ್ದ ಹಿಟ್ಟು ನಿಟ್ಟುಸಿರು ಬಿಟ್ಟು ತಳ ಸೇರಿತು. ಪಂಕಜಾಕ್ಷಿ ಒಳಗೆ ಧಾವಿಸಿದಳು. ಪಕ್ಕದಲ್ಲೇ ಮೊಸರಿನ ಕುಡಿಕೆ! ಮದುವೆಯಾಗಿ ಬರುವಾಗ ಅಮ್ಮ ಕಟ್ಟಿಕೊಟ್ಟ ಹೆಪ್ಪು ಅದು. ದಿನವೂ ಹಾಲಿನಿಂದ ಹಾಲಿಗೆ ದಾಟುತ್ತ, ಅಮ್ಮ ಹೋದ ಮೇಲೂ ಉಳಿದಿತ್ತು. ಬೀದಿಯವರೆಲ್ಲ ಪ್ಯಾಕೆಟ್ ಮೊಸರಿಗೆ ಬಿದ್ದಿದ್ದರಿಂದ ಇನ್ನೆಲ್ಲೂ ಅದಿರಲಿಲ್ಲ.

ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಯಂತ್ರವೂ ಓಡಿತು! ದಾರಿಯಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮನ ಎಮ್ಮೆ ಸಿಕ್ಕಿತು. ನೊರೆ ಇಳಿದಾಗ ಎಮ್ಮೆ ಫಳಫಳ ಹೊಳೆಯುತ್ತಿತ್ತು.

"ಅಯ್ನೋರೇ! ನನ್ನೆಮ್ಮೆ ಮಲ್ಲಿಗೆ ಘಮ ಹೊಡೀತಾ ಐತೆ! ಕರು ತಾಯೀನೇ ಒಲ್ಲೆ ಅಂತೈತಲ್ಲ!"

ಸದಾನಂದಯ್ಯ ಓಡಿಬಂದು ನಿಲ್ಲಿಸುವ ಗುಂಡಿ ಒತ್ತಿದರು. ಯಂತ್ರ ಅವರ ಬೆರಳು ಮೂಸಿತು.

"ಕೊಳಕು ಕೈ! ಆಜ್ಞೆ ತಿರಸ್ಕೃತ!"

ತೊಳೆದ ಕೈಗೆ ಮಾತ್ರ ಬಗ್ಗುವಂತೆ ಮಾಡಿದವರು ಅವರೇ. ಉಂಡೆದ್ದು ಬೆರಳ ತುದಿ ಅದ್ದಿ ಪಂಚೆಗೆ ಒರೆಸಿಕೊಳ್ಳುವವರೂ ಅವರೇ.

"ತೊಳೆದಿದ್ದೀನೋ!"

"ಹೊಟ್ಟೆಯೊಳಗೆ ಲಕ್ಷ ಕೋಟಿ!" ಎಂದ ಯಂತ್ರ ಅವರನ್ನು ಎತ್ತಿಕೊಂಡು ಬಚ್ಚಲುಮನೆ ಸೇರಿ ಅಗುಳಿ ಹಾಕಿತು.

ಒಳಗಿಂದ ನೊರೆ ತುಂಬಿದ ದನಿ ಬಂತು. "ಲೇ, ಕೈ ತೊಳ್ಕೊಂಡು ಬಂದು ಕಿಟಕಿಯಿಂದ ಗುಂಡಿ ಒತ್ತೇ! ನಿನ್ನ ಕೈಯಾದ್ರೆ ಒಪ್ಪತ್ತೆ! ಐದು ನಿಮಿಷದಲ್ಲಿ ಸರಿಮಾಡಿ ಅಡುಗೆಮನೆಯಿಂದಲೇ ಮತ್ತೆ ಶುರು ಮಾಡ್ತೀನಿ!"

"ಬಂದೆ ರೀ!"

ಪಂಕಜಾಕ್ಷಿ ಅಡುಗೆಮನೆಗೆ ಮರಳಿ ಸೋಪು ಹಾಕಿ ಮೊಣಕೈವರೆಗೂ ಕೈ ತೊಳೆದಳು. ಹಾಲು ಉಗುರುಬೆಚ್ಚಗಿತ್ತು. ಒಂದು ಚಮಚ ಹೆಪ್ಪು ಹಾಕಿ, ಪುಟ್ಟತಾಯಮ್ಮನಿಗೆಂದು ಲೋಟದಲ್ಲಿ ಇನ್ನೊಂದು ಪಾಲು ತೆಗೆದಿಟ್ಟಳು. ಬಚ್ಚಲಿನಿಂದ "ಬಾಯಿ ತೆರೆ!" ಎಂಬ ಗರ್ಜನೆಯೂ ಗಳಗಳ ಸದ್ದೂ ಕೇಳಿದವು.

ಅವಳು ಮಣೆ ಎಳೆದುಕೊಂಡು ಪಾತ್ರೆಯ ಪಕ್ಕ ಕೂತಳು. ಹಾಲು ಗಟ್ಟಿಯಾಗುವ ತನಕ ಕಿಟಕಿಯ ಹತ್ತಿರ ಹೋಗುವುದಿಲ್ಲವೆಂದು ನಿಶ್ಚಯಿಸಿದಳು. ಹೇಗಿದ್ದರೂ ಸ್ನಾನ ಅವರಿಗೆ ಬೇಕಾಗಿಯೇ ಇತ್ತು.