ತಾರಷಡ್ಜಕ್ಕೆ ಆರಿಹೋದ ಲ್ಯಾಪ್‌ಟಾಪು

ಬಿಸಿಯಾಗುವ ವಸ್ತುಗಳ ಜೊತೆ ಹೇಗೆ ಬಾಳಬೇಕೆಂಬುದು ನನಗೆ ಈ ವಯಸ್ಸಿನವರೆಗೂ ಗೊತ್ತಾಗಿಲ್ಲ. ಹಾಲು ಉಕ್ಕುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಉಕ್ಕುವುದನ್ನು ನೋಡುತ್ತಲೂ ಇರುತ್ತೇನೆ; ಒಲೆ ಆರಿಸಬೇಕೆಂದು ಹೊಳೆಯುವಷ್ಟರಲ್ಲಿ ಹಾಲು ಕಟ್ಟೆಯಿಂದ ನೆಲಕ್ಕೆ ಇಳಿದಿರುತ್ತದೆ. ಇಂಥವನ ಹೊಟ್ಟೆಪಾಡಿನ ಕೆಲಸ ಏನೆಂದರೆ, ಮಿಕ್ಸಿ, ಗೀಸರು, ನೀರೆತ್ತುವ ಪಂಪುಗಳ ಡಬ್ಬದಲ್ಲಿ ಒಂದು ಸೂಚನೆಯ ಪುಸ್ತಿಕೆ ಬರುತ್ತದಲ್ಲ, ಅದನ್ನು ಕನ್ನಡಕ್ಕೆ ತರುವುದು. ‘ಯಂತ್ರವು ಬಿಸಿಯಾದಲ್ಲಿ ಕೂಡಲೇ ನಿಲ್ಲಿಸಿ, ಆರಲು ಬಿಡಿ’ ಎಂಬ ವಾಕ್ಯವನ್ನು ನಾನು ಬರೆದಷ್ಟು ಸಲ ಕರ್ನಾಟಕದಲ್ಲಿ ಇನ್ಯಾರೂ ಬರೆದಿರಲಾರರು. ಅದನ್ನು ಯಾರಾದರೂ ಓದುತ್ತಾರೆಯೇ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ನಾನೇ ಓದಿರಲಿಲ್ಲ ಎಂಬುದು ಲ್ಯಾಪ್‌ಟಾಪು ಮನೆಗೆ ಬಂದ ಮೇಲೆ ತಿಳಿಯಿತು.

ಆಗ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಶೇಷಾದ್ರಿಪುರದ ನಮ್ಮ ಕಚೇರಿಯಲ್ಲಿ ಮ್ಯಾನೇಜರಿಗೆ ಹೊಸ ಲ್ಯಾಪ್‌ಟಾಪು ಬಂತು, ಹಳೆಯದನ್ನು ನನಗೆ ದಯಪಾಲಿಸಿದರು. ಇಟ್ಟಿಗೆ ಗೂಡಿನಿಂದ ಈಗಷ್ಟೇ ತೆಗೆದಂತಿತ್ತು, ತೂಕದಲ್ಲೂ ಶಾಖದಲ್ಲೂ. ತೊಡೆಯ ಮೇಲಿಟ್ಟುಕೊಳ್ಳುವ ವಸ್ತುವೆಂದು ನಂಬಿ ಇಟ್ಟುಕೊಂಡ ಮೊದಲ ದಿನವೇ ನನ್ನ ಪಂಚೆ ಇಸ್ತ್ರಿಯಾಯಿತು. ಅದರ ಹೊಟ್ಟೆಯೊಳಗಿನ ಪುಟ್ಟ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಅಷ್ಟು ಗಾಳಿ ಬೀಸಿಕೊಂಡೂ ಸಾಲದೆ ಒಮ್ಮೊಮ್ಮೆ ಹೇಳದೆ ಕೇಳದೆ ಆರಿಹೋಗುತ್ತಿತ್ತು. ನನ್ನ ಚಿಕ್ಕಮ್ಮನ ಮಗ ರವಿ ಕಂಪ್ಯೂಟರ್ ರಿಪೇರಿ ಬಲ್ಲವನು. ಬಂದವನು ಒಳಗಿನ ಧೂಳು ಊದಿ, ಫ್ಯಾನಿನ ವೇಗವನ್ನು ನಾವೇ ಏರಿಸಿ ಇಳಿಸಬಹುದಾದ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಪರದೆಯ ಮೂಲೆಯಲ್ಲಿ ಶಾಖ ಎಷ್ಟು ಡಿಗ್ರಿ ಎಂದೂ ಕಾಣಿಸತೊಡಗಿತು. “ಇನ್ಮೇಲೆ ಫ್ಯಾನು ನಿನ್ ಕೈಲಿದೆ ಅಣ್ಣ,” ಎಂದು ಹೇಳಿ ಕಾಫಿ ಕುಡಿದು ಹೋದ. ಮದುವೆಯಾದಾಗಿನಿಂದ ಮನೆಯಲ್ಲಿ ಯಾವುದೂ ನನ್ನ ಕೈಯಲ್ಲಿರಲಿಲ್ಲವಾದ್ದರಿಂದ ನನಗೆ ಬಹಳ ಸಂತೋಷವಾಯಿತು. ಕೆಟ್ಟದ್ದು ಅಲ್ಲಿಂದಲೇ.

ಇಲ್ಲಿ ನನ್ನ ಹೆಂಡತಿ ಸುಮಿತ್ರೆಯ ವಿಷಯ ಹೇಳಬೇಕು. ಮದುವೆಗೆ ಮುಂಚಿನಿಂದಲೂ ಅವಳು ಸಂಗೀತ ಕಚೇರಿ ಮಾಡುತ್ತಿದ್ದ ಗಾಯಕಿ. ಮಗಳು ಹುಟ್ಟಿದ ಮೇಲೆ ವೇದಿಕೆ ತಪ್ಪಿಹೋಯಿತು. ಸಂಜೆ ಮಲ್ಲೇಶ್ವರದ ನಮ್ಮ ಹಜಾರದಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವುದಷ್ಟೇ ಉಳಿಯಿತು. ಅದನ್ನು ಅವಳು ದುಃಖವೆಂದು ಎಂದೂ ಹೇಳಿಕೊಂಡವಳಲ್ಲ. ಸಾರು ಕುದಿಯುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು, ನಾನು ಕಾಲಿಟ್ಟರೆ ನಿಲ್ಲಿಸುತ್ತಿದ್ದಳು. ಆ ವರ್ಷ ಮಗಳು ಮದುವೆಯಾಗಿ ಮೈಸೂರಿಗೆ ಹೋಗಿದ್ದಳು. ಚಾಮರಾಜಪೇಟೆಯ ಒಂದು ಸಂಗೀತ ಸಭೆಯವರು ರಾಮನವಮಿಗೆ ಹಾಡುತ್ತೀರಾ ಎಂದು ಕೇಳಿಕಳಿಸಿದರು. ಆದರೆ ಸಮಿತಿಯಲ್ಲಿ ಹೊಸಬರು ಸೇರಿದ್ದಾರಂತೆ, ಅವರು ಇವಳ ಹಾಡು ಕೇಳಿಲ್ಲವಂತೆ, ಒಂದು ರಾಗ, ಒಂದು ಕೃತಿ ಹಾಡಿ ಸೀಡಿ ಕಳಿಸಬೇಕಂತೆ. ಸುಮಿತ್ರೆ ಸ್ಟುಡಿಯೋ ಎಲ್ಲಿದೆ ವಿಚಾರಿಸಿ ಎಂದಳು. ಮನೆಯಲ್ಲೇ ಲ್ಯಾಪ್‌ಟಾಪಿರುವಾಗ ಸ್ಟುಡಿಯೋ ಯಾಕೆ, ನಾನೇ ಮಾಡಿಕೊಡುತ್ತೇನೆ ಎಂದೆ. ನನ್ನ ಬಾಯಿಂದ ಇಂಥ ಮಾತು ಬರುವಾಗ ಯಾರಾದರೂ ತಡೆಯಬೇಕು. ಯಾರೂ ತಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಅವಳು ಕೂತಳು. ರೆಕಾರ್ಡ್ ಮಾಡಿ ಹಾಕಿ ಕೇಳಿದರೆ, ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು ಹಿಟ್ಟಿನ ಗಿರಣಿಯೊಳಗೆ ಸಿಕ್ಕಿಕೊಂಡು ಹಾಡುತ್ತಿದ್ದಾಳೆ. ಫ್ಯಾನಿನ ವೇಗ ಇಳಿಸಿದೆ. ಆಗ ಫ್ಯಾನಿನ ಸದ್ದು ಗಿರಣಿಯಿಂದ ಒಂದು ಗುಂಯ್ ಎಂಬ ನಾದಕ್ಕೆ ಬಂತು. ಅದು ತನ್ನ ಶ್ರುತಿಗೆ ಅರ್ಧ ಸ್ವರ ಮೇಲೆ ನಿಂತಿದೆ, ಹಾಡಲಿಕ್ಕಾಗುವುದಿಲ್ಲ ಎಂದಳು. ಇನ್ನಷ್ಟು ಇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳುತ್ತಾ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೈಸನ್ನೆ ಮಾಡಿದಳು. ಕೊನೆಗೆ ಫ್ಯಾನು ಶ್ರುತಿಗೆ ಸೇರಿತು. ಸುಮಿತ್ರೆಯ ಮುಖದಲ್ಲಿ ನಗು ಬಂತು. ಅವಳು ಆಲಾಪನೆ ಎತ್ತಿಕೊಂಡಳು, ಲ್ಯಾಪ್‌ಟಾಪು ಡಿಗ್ರಿ ಎತ್ತಿಕೊಂಡಿತು. ಅವಳು ನಿಧಾನವಾಗಿ ಒಂದೊಂದೇ ಸ್ವರ ಏರುತ್ತಿದ್ದಂತೆ ಮೂಲೆಯ ಅಂಕಿಯೂ ಏರಿತು. ಅವಳು ಮೇಲಿನ ‘ಸ’, ಅಂದರೆ ತಾರಷಡ್ಜಕ್ಕೆ ಹೋಗಿ ನಿಂತಳು, ಪರದೆ ಕಪ್ಪಾಯಿತು. ಹಾಡಿದ್ದೆಲ್ಲ ಹೋಯಿತು, ಒಂದು ಉಸಿರೂ ಉಳಿಯಲಿಲ್ಲ.

ಅಲ್ಲಿಂದ ಎರಡು ವಾರ ನಮ್ಮ ಮನೆಯಲ್ಲಿ ನಡೆದದ್ದು ಸಂಗೀತವಲ್ಲ, ಶುಶ್ರೂಷೆ. ಲ್ಯಾಪ್‌ಟಾಪಿನ ಅಡಿಗೆ ಸ್ಟೀಲ್ ತಟ್ಟೆ ಕವುಚಿ ಹಾಕಿದೆ. ತಟ್ಟೆಯ ಕೆಳಗೆ ಐಸ್ ಇಟ್ಟೆ, ಅದು ಕರಗಿ ಅವಳು ಕೂತ ಚಾಪೆಯತ್ತ ಹರಿಯಿತು. ಬಚ್ಚಲುಮನೆಯ ನೆಲ ತಣ್ಣಗಿರುತ್ತದೆಂದು ಅಲ್ಲಿ ಕೂತು ಹಾಡುತ್ತೀಯಾ ಎಂದೂ ಕೇಳಿದೆ. ಅವಳು ಹಾಡುವಾಗಲೆಲ್ಲ ನಾನು ಆ ಅಂಕಿಯನ್ನು ನೋಡುತ್ತಾ, ಎಂಬತ್ತು ದಾಟಿದರೆ ಬೇಗ ಬೇಗ ಎಂದು ಕೈ ಬೀಸುತ್ತಿದ್ದೆ. ಒಂದು ಮಧ್ಯಾಹ್ನ, ಮತ್ತೆ ಆರಿಹೋದ ಪರದೆಯ ಮುಂದೆ ಕೂತು, “ಸ್ವಲ್ಪ ಬೇಗ ಮುಗಿಯೋ ರಾಗ ಯಾವ್ದಾದ್ರೂ ಇದೆಯಾ?” ಎಂದು ಕೇಳಿದೆ. ಅವಳು ತಂಬೂರಿ ಪೆಟ್ಟಿಗೆಗೆ ಬಟ್ಟೆ ಮುಚ್ಚಿದಳು.

ಕೊನೆಗೊಮ್ಮೆ ಇಡೀ ರಾಗ, ಇಡೀ ಕೃತಿ ಆರದೆ ಮುಗಿಯಿತು. ಹೊರಗೆ ಮೋಡವಾಗಿತ್ತು, ಅದೇ ಕಾರಣವಿರಬೇಕು. ನನಗೆ ಕೂತಲ್ಲೇ ಕುಣಿಯುವಷ್ಟು ಆನಂದ. ಸುಮಿತ್ರೆ ಕಣ್ಣು ತೆರೆದು, ಹುಡುಗಿಯ ಹಾಗೆ, “ಹೇಗಿತ್ತು?” ಎಂದು ಕೇಳಿದಳು.

“ಎಂಬತ್ತೇಳು ಡಿಗ್ರಿ,” ಎಂದೆ.

ಅವಳು ತಂಬೂರಿಯನ್ನು ನಿಲ್ಲಿಸಿದಳು. “ಇಷ್ಟು ದಿನದಲ್ಲಿ ನಾನು ಏನು ಹಾಡಿದೆ ಅಂತ ಒಂದ್ಸಲನಾದ್ರೂ ಕೇಳಿಸ್ಕೊಂಡಿದೀರಾ ನೀವು?” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಒಳಗೆ ಹೋದಳು. ಆ ರೆಕಾರ್ಡಿಂಗನ್ನಾದರೂ ಉಳಿಸೋಣವೆಂದು ಹಾಕಿ ಕೇಳಿದರೆ, ಶುರುವಿನಿಂದ ಕೊನೆಯವರೆಗೆ ಹಾಡನ್ನು ಮುಚ್ಚಿಹಾಕಿದ ಗುಂಯ್ ಎಂಬ ಶಬ್ದ, ನಡುನಡುವೆ ನಾನು ಲೊಚಗುಟ್ಟುವುದು.

ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಲ್ಯಾಪ್‌ಟಾಪನ್ನು ತಂಪಾಗಿಡುವ ಒಂದು ಸ್ಟ್ಯಾಂಡ್ ತಂದೆ. ಪಶ್ಚಾತ್ತಾಪದಿಂದ ತಂದದ್ದು. ಮನೆಗೆ ಬಂದು ಬಿಚ್ಚಿ ನೋಡಿದರೆ ಅದರೊಳಗೆ ಇನ್ನೆರಡು ಫ್ಯಾನುಗಳಿದ್ದವು. ಒಂದರ ಸದ್ದು ತಾಳಲಾರದ ಮನೆಗೆ ನಾನು ಎರಡು ತಂದಿದ್ದೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಸುಮಿತ್ರೆ ಹೊರಗಿನಿಂದ ಬಂದಳು. ಕೈಯಲ್ಲಿ ಸೀಡಿ. ನಾನು ಅತ್ತ ಹೋದಾಗ ಅವಳು ಗೆಳತಿಯ ಮನೆಗೆ ಹೋಗಿ, ಹಳೆಯ ಟೇಪ್ ರೆಕಾರ್ಡರಿನಲ್ಲಿ ಒಂದೇ ಸಲಕ್ಕೆ ಹಾಡಿ ಮುಗಿಸಿ, ಸಂಪಿಗೆ ರಸ್ತೆಯ ಅಂಗಡಿಯಲ್ಲಿ ಕ್ಯಾಸೆಟ್ಟನ್ನು ಸೀಡಿ ಮಾಡಿಸಿಕೊಂಡು, ಬರುವ ದಾರಿಯಲ್ಲಿ ತರಕಾರಿಯನ್ನೂ ತಂದಿದ್ದಳು. ಸ್ಟ್ಯಾಂಡನ್ನು ನೋಡಿ, ಇದೇನು ಎಂದು ಕೇಳಲೂ ಇಲ್ಲ.

ಸಮಿತಿಯವರು ಒಪ್ಪಿದರು. ರಾಮನವಮಿಯ ಕಚೇರಿಯ ದಿನ ನಾನು ಎರಡನೇ ಸಾಲಿನಲ್ಲಿ ಕೂತೆ. ನೋಡಲು ಅಂಕಿಯಿಲ್ಲ, ಏರಿಸಲು ಇಳಿಸಲು ಏನೂ ಇಲ್ಲ, ಕೇಳುವುದೊಂದೇ ಕೆಲಸ. ಸುಮಿತ್ರೆ ಬಿಳಿ ಅಂಚಿನ ಹಸಿರು ಸೀರೆಯಲ್ಲಿ, ಯಾರ ಕೈಸನ್ನೆಯ ಅವಸರವೂ ಇಲ್ಲದೆ, ತನಗೆ ಬೇಕಾದಷ್ಟು ಹೊತ್ತು ರಾಗವನ್ನು ಬೆಳೆಸಿದಳು. ಇವಳು ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಳು ಎಂದು ನನಗೆ ಆಶ್ಚರ್ಯವಾಯಿತು, ಆಮೇಲೆ ಭಯವಾಯಿತು. ಮೇಲಿನ ಷಡ್ಜದಲ್ಲಿ ಅವಳು ನಿಂತಾಗ ಪಕ್ಕದವರು ಭೇಷ್ ಎಂದರು. ನನ್ನ ಕನ್ನಡಕ ಮಂಜಾಗಿ ವೇದಿಕೆಯೇ ಕಾಣಲಿಲ್ಲ.

ಆಟೋದಲ್ಲಿ ವಾಪಸು ಬರುವಾಗ ಅವಳು ಹೇಗಿತ್ತು ಎಂದು ಕೇಳಲಿಲ್ಲ. ಕೇಳುವುದಿಲ್ಲವೆಂದು ಗೊತ್ತಿತ್ತು, ಆದ್ದರಿಂದ ನಾನೇ ಧೈರ್ಯ ಮಾಡಿ, “ಸುಮಿತ್ರಾ, ಆ ತೋಡಿ ರಾಗ ಕೇಳ್ತಾ ಕೇಳ್ತಾ ಕಣ್ಣಲ್ಲಿ ನೀರು ಬಂದ್ಬಿಡ್ತು,” ಎಂದೆ.

ಅವಳು ಸೆರಗು ಸರಿಮಾಡಿಕೊಂಡು, ಮೃದುವಾಗಿಯೇ, “ಅದು ಕಲ್ಯಾಣಿ ರೀ. ತೋಡಿ ನಾನು ಹಾಡ್ಲೇ ಇಲ್ಲ,” ಎಂದಳು.

ನೀರು ಬಂದದ್ದಂತೂ ನಿಜ ಎಂದೆ. ಅವಳು ಆಟೋದವನಿಗೆ ಎಡಕ್ಕೆ ತಿರುಗಿಸಪ್ಪ ಎಂದು ಹೇಳಿದಳು.