ಜುಟ್ಟಪ್ಪ ಸೋತಿದ್ದು, ನಾನು ವಿಮರ್ಶಕಿಯಾಗಿದ್ದು

ಮನುಷ್ಯರಾಗಿ ಹುಟ್ಟಿದ ಮೇಲೆ ಯಾವುದಾದರೂ ಒಂದು ವಿದ್ಯೆಯಲ್ಲಿ 'ನನ್ನ ಬಿಟ್ಟರಿಲ್ಲ' ಎನ್ನುವ ಧೈರ್ಯವಿರಬೇಕು. ಅಡುಗೆಯಲ್ಲಿ ನನಗೆ ಆ ಧೈರ್ಯವಿಲ್ಲ. ಸ್ಕೂಟರಿನಲ್ಲಂತೂ ಇಲ್ಲವೇ ಇಲ್ಲ. ನಾನು ಬರುವುದು ಕಂಡರೆ ದೊಡ್ಡಬಳ್ಳಾಪುರದ ದನಗಳೂ ರಸ್ತೆ ಬಿಡುತ್ತವೆ. ಆದರೆ ಗುದ್ದಾಟದಲ್ಲಿ ಇತ್ತು! ಗಾಬರಿಯಾಗಬೇಡಿ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಮರ್ಯಾದಸ್ಥ ಹೆಂಗಸು. ನಾನು ಹೇಳುತ್ತಿರುವುದು ವಿಡಿಯೊ ಗೇಮಿನ ಗುದ್ದಾಟ.

ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಸೋದರಮಾವ ಹಳೇ ಬಸ್ ನಿಲ್ದಾಣದ ಹತ್ತಿರ ವಿಡಿಯೊ ಗೇಮಿನ ಅಂಗಡಿ ಇಟ್ಟಿದ್ದರು. ಆಳೆತ್ತರದ ಮೂರು ಪೆಟ್ಟಿಗೆಗಳು. ಅವುಗಳಲ್ಲಿ ಒಂದು ಗುದ್ದಾಟದ ಆಟ. ಅದರ ಇಂಗ್ಲಿಷ್ ಹೆಸರಿನ ಸ್ಟಿಕ್ಕರ್ ಕಿತ್ತುಹೋಗಿದ್ದರಿಂದ ನಾವೆಲ್ಲ ಅದನ್ನು 'ಡಿಶುಂ' ಎನ್ನುತ್ತಿದ್ದೆವು. ಒಳಗಿನ ಜಟ್ಟಿಗಳಿಗೂ ನಾವೇ ನಾಮಕರಣ ಮಾಡಿದ್ದೆವು. ಬೆಂಕಿ ಉಗುಳುವವನು ಬೆಂಕಿ ಬಸಪ್ಪ. ಗಾಳಿಯಲ್ಲಿ ಗಿರಕಿ ಹೊಡೆಯುವವಳು ಪಟಾಕಿ ಪದ್ಮ. ನೆತ್ತಿಯ ಮೇಲೆ ಜುಟ್ಟು ಕಟ್ಟಿಕೊಂಡ ದಪ್ಪನೆಯ ಆಸಾಮಿ ಜುಟ್ಟಪ್ಪ.

ಜುಟ್ಟಪ್ಪ ನನ್ನವನು. ಮಾವನಿಗೆ ಊಟದ ಕ್ಯಾರಿಯರ್ ಕೊಡುವ ನೆಪದಲ್ಲಿ ಹೋಗಿ, ಪೆಟ್ಟಿಗೆಯ ಎಡಗಡೆ ನಿಂತೆನೆಂದರೆ ಮುಗಿಯಿತು. ಮಗ್ಗದ ಕೆಲಸದವರು, ಕಾಲೇಜು ಹುಡುಗರು, ಒಮ್ಮೆ ಒಬ್ಬ ಬಸ್ ಕಂಡಕ್ಟರ್ ಕೂಡ ನನ್ನ ಕೈಯಲ್ಲಿ ಸೋತು ಮುಖ ಸಣ್ಣಗೆ ಮಾಡಿಕೊಂಡು ಹೋಗಿದ್ದಾರೆ. ಆ ಕಂಡಕ್ಟರ್ ಆಮೇಲೆ ನನಗೆ ಸೀಟು ಬಿಡಿಸಿಕೊಡುತ್ತಿದ್ದ!

ಆಮೇಲೆ ಅಂಗಡಿ ಮುಚ್ಚಿತು, ನನಗೆ ಮದುವೆಯಾಯಿತು, ಡಿಶುಂ ಆಟವೂ ಲೋಕದಿಂದ ಮರೆಯಾಯಿತು. ಇಪ್ಪತ್ತೈದು ವರ್ಷದ ಮೇಲೆ, ಹೋದ ಚಳಿಗಾಲದಲ್ಲಿ, ಅದು ಹೊಸ ರೂಪದಲ್ಲಿ ಮತ್ತೆ ಬರುತ್ತಿದೆ ಎಂಬ ಸುದ್ದಿ ತಂದವನು ನನ್ನ ತಮ್ಮ ಮಂಜ.

ಮಂಜ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದ ಕೆಲಸಗಾರ. ಬಿಡುವಿನಲ್ಲಿ ಕನ್ನಡದಲ್ಲಿ ಗೇಮ್ ವಿಮರ್ಶೆಯ ಜಾಲತಾಣ ನಡೆಸುತ್ತಾನೆ. ನಾಲ್ಕು ವರ್ಷ ಒಬ್ಬನೇ ಒದ್ದಾಡಿದ ಮೇಲೆ, ಮೊದಲ ಸಲ ಒಂದು ಕಂಪನಿಯವರು ಅವನನ್ನು ವಿಮರ್ಶಕನೆಂದು ಒಪ್ಪಿ, ಬಿಡುಗಡೆಗೆ ಮೊದಲೇ ಆಟವನ್ನು ಕಳಿಸಿದ್ದರು.

"ಅಕ್ಕ, ಇದನ್ನ ನೀನೇ ಬರೀಬೇಕು ಕಣೆ," ಎಂದ. "ಹಳೇ ಚಾಂಪಿಯನ್ನು, ಮೇಲೆ ಕನ್ನಡ ಮೇಡಂ. ಇಂಥ ವಿಮರ್ಶಕಿ ಯಾವ ದೇಶದಲ್ಲೂ ಸಿಗಲ್ಲ."

"ನನಗೆ ಬಿಡೋ," ಎಂದೆ. ಆ ಎರಡು ಪದಗಳನ್ನು ಇವತ್ತಿಗೂ ನೆನೆದು ಹಣೆ ಚಚ್ಚಿಕೊಳ್ಳುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಮಂಜ ಯಂತ್ರವನ್ನು ತಂದು ನಮ್ಮ ಮನೆಯ ಟಿವಿಗೆ ಜೋಡಿಸಿದ. ಆಡುವುದಕ್ಕೆ ಎರಡು ಕಂಟ್ರೋಲರ್‌ಗಳು. ಒಂದು ನನಗೆ ಕೊಟ್ಟ, ಒಂದು ತಾನು ಹಿಡಿದ. ಇಬ್ಬರೂ ಜುಟ್ಟಪ್ಪನನ್ನೇ ಆರಿಸಿಕೊಂಡೆವು. ಪರದೆಯ ಮೇಲೆ ಎಡಗಡೆ ಕೆಂಪು ಚಡ್ಡಿಯ ಜುಟ್ಟಪ್ಪ, ಬಲಗಡೆ ನೀಲಿ ಚಡ್ಡಿಯ ಜುಟ್ಟಪ್ಪ. ಇನ್ನೇನು ಶುರುವಾಗಬೇಕು, ಮಂಜನ ಫೋನು ಹೊಡೆದುಕೊಂಡಿತು. ಯಾರೋ ರಜೆ ಹಾಕಿದ್ದಾರೆ, ತಕ್ಷಣ ಡ್ಯೂಟಿಗೆ ಬರಬೇಕು!

ಅಲ್ಲೇ ಸೋಫಾದಲ್ಲಿ ನಮ್ಮತ್ತೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮಂಜ ತನ್ನ ಕಂಟ್ರೋಲರನ್ನು ಅವರ ಕೈಗಿಟ್ಟು, "ಅಮ್ಮಾ, ಇದನ್ನ ಸ್ವಲ್ಪ ಇಟ್ಕೊಂಡಿರಿ, ಕೆಳಗೆ ಬಿದ್ರೆ ಒಡ್ದೋಗುತ್ತೆ" ಎಂದ. ಅತ್ತೆ ಜವಾಬ್ದಾರಿಯ ಮನುಷ್ಯರು. ಅದನ್ನು ಭದ್ರವಾಗಿ ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಮೊರ ಇಟ್ಟುಕೊಂಡರು.

ಮಂಜ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಏನೋ ಕೂಗಿದ. ಪಕ್ಕದ ಮನೆಯಲ್ಲಿ ಆರು ಪವರ್‌ಲೂಮ್‌ಗಳು ಓಡುತ್ತವೆ. ನಮ್ಮ ಬೀದಿಯಲ್ಲಿ ಯಾರು ಏನು ಕೂಗಿದರೂ ಎದುರಿಗಿರುವವರು ತಲೆಯಾಡಿಸುವುದು ಪದ್ಧತಿ. ನಾನೂ ಆಡಿಸಿದೆ. ಅವನು ಕೂಗಿದ್ದು "ಅಕ್ಕಾ, ನಿಂದು ಬಲಗಡೆ ಕಣೆ, ನೀಲಿ!" ಎಂದು. ಅದು ನನಗೆ ತಿಳಿದಿದ್ದು ಮೂರು ವಾರದ ಮೇಲೆ.

ನಾನು ಹುಟ್ಟಿದಾಗಿನಿಂದ ಎಡಗಡೆ ನಿಂತು ಆಡಿದವಳು. ಎಡಗಡೆಯ ಕೆಂಪು ಜುಟ್ಟಪ್ಪನನ್ನೇ ನನ್ನವನೆಂದು ಭಾವಿಸಿ ಯುದ್ಧಕ್ಕಿಳಿದೆ.

ನಾನು ಒದೆಯುವ ಬಟನ್ ಒತ್ತಿದೆ. ನೀಲಿಯವನು ಬಂದು ನನ್ನವನಿಗೆ ಒದ್ದ. ಗುದ್ದುವ ಬಟನ್ ಒತ್ತಿದೆ. ನೀಲಿಯವನು ಗುದ್ದಿದ. ನಾನು ಸಿಟ್ಟಿನಿಂದ ಎಲ್ಲ ಬಟನ್‌ಗಳನ್ನೂ ಒಟ್ಟಿಗೆ ಒತ್ತಿದೆ. ನೀಲಿಯವನು ನನ್ನವನನ್ನು ಎತ್ತಿ ತಿರುಗಿಸಿ ಒಗೆದ! ನನ್ನ ಕೆಂಪು ಜುಟ್ಟಪ್ಪ ಮಾತ್ರ ಮದುವೆ ಮನೆಯಲ್ಲಿ ಯಾರೂ ಮಾತನಾಡಿಸದ ನೆಂಟನಂತೆ ಸುಮ್ಮನೆ ನಿಂತಿರುತ್ತಿದ್ದ. ಯಾವಾಗಲೋ ಒಮ್ಮೆ, ಕಾರಣವಿಲ್ಲದೆ, ಎಗರುತ್ತಿದ್ದ. ಅತ್ತೆ ಮೊರ ಕೊಡವಿದಾಗ ಎಂದು ಆಗ ಯಾರಿಗೆ ಗೊತ್ತು?

ಮೂವತ್ತೊಂದು ಆಟ ಆಡಿದೆ. ಮೂವತ್ತೊಂದರಲ್ಲೂ ಕೆಂಪು ಜುಟ್ಟಪ್ಪ ನೆಲಕಚ್ಚಿದ.

"ಪಾಪ, ಆ ಕೆಂಪು ಚಡ್ಡಿಯವ್ನು ಯಾರಮ್ಮ, ಅಷ್ಟೊಂದು ಹೊಡಿಸ್ಕೋತಾವ್ನೆ?" ಎಂದರು ಅತ್ತೆ.

"ನಾನೇ ಅತ್ತೆ," ಎಂದೆ.

ನಗಬೇಡಿ. ಆ ಮಧ್ಯಾಹ್ನ ನಾನು ನಿಜವಾಗಿ ಕಂಗಾಲಾಗಿದ್ದೆ. ಕೈ ನೋಡಿಕೊಂಡೆ. ಬೆರಳಿನ ಗೆಣ್ಣುಗಳು ದಪ್ಪಗಾಗಿದ್ದವು. ಬಾಳಿನಲ್ಲಿ ನಾನು ಗೆದ್ದದ್ದು ಅದೊಂದೇ ಆಟ. ಅದೂ ಕೈಬಿಟ್ಟಿತಲ್ಲ ಎನ್ನಿಸಿ, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತುಬಿಟ್ಟೆ. ನಮ್ಮ ಯಜಮಾನರು ನೀರು ಕುಡಿಯಲು ಬಂದವರು, "ಈರುಳ್ಳಿ ಎಲ್ಲೇ?" ಎಂದರು. ಈರುಳ್ಳಿ ತೆಗೆದುಕೊಳ್ಳುವುದನ್ನೇ ಮರೆತಿದ್ದೆ.

ಮುದುಕಿಯಾದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಆಟವೇ ಕೆಟ್ಟದ್ದು ಎನ್ನುವುದು ಸುಲಭ. ಕಣ್ಣೊರೆಸಿಕೊಂಡು ಬರೆಯಲು ಕೂತೆ. ಲೇಖನಿ ತಾನಾಗಿ ಓಡಿತು!

"ಈ ಆಟದಲ್ಲಿ ಆಟಗಾರನ ಇಚ್ಛೆಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಯಂತ್ರವು ನಮ್ಮ ಬೆರಳುಗಳನ್ನು ಕದ್ದು ನೋಡಿ, ನಮ್ಮ ಹೊಡೆತವನ್ನೇ ನಮ್ಮ ಮೇಲೆ ಪ್ರಯೋಗಿಸುತ್ತದೆ. ಇದು ಆಟವಲ್ಲ, ದ್ರೋಹ. ನಮ್ಮ ಜುಟ್ಟಪ್ಪನನ್ನು ಕರೆತಂದಿರುವುದು ಸನ್ಮಾನಕ್ಕಲ್ಲ, ವಧೆಗೆ." ಐದು ನಕ್ಷತ್ರಗಳಲ್ಲಿ ಅರ್ಧ ಕೊಟ್ಟೆ. ಆ ಅರ್ಧವೂ ಹಿನ್ನೆಲೆ ಸಂಗೀತಕ್ಕೆ.

ಯಜಮಾನರಿಗೆ ಓದಿ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಅಲ್ವೇ, ನೀನು ಒದಿ ಅಂದಾಗ ಅವನು ಒದೀತಾನೆ ಅಂತೀಯ. ಅವನೇ ನಿನ್ನವನು ಇರಬೋದಲ್ವಾ?"

"ನಿಮಗೆ ಇದೆಲ್ಲ ತಿಳಿಯಲ್ಲ, ಸುಮ್ನಿರಿ," ಎಂದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಮೊದಲ ಬಾರಿಗೆ ಸರಿಯಾದ ಮಾತಾಡಿದ್ದರು. ನಾನು ಗುರುತಿಸಲಿಲ್ಲ.

ಮಂಜ ಡ್ಯೂಟಿಯಲ್ಲಿದ್ದುಕೊಂಡೇ, ಅಕ್ಕನ ಮೇಲಿನ ನಂಬಿಕೆಯಿಂದ, ಒಂದು ಅಕ್ಷರ ಬದಲಿಸದೆ ಪ್ರಕಟಿಸಿದ. ಮಾರನೆಯ ದಿನ ಬೇರೆಯವರ ವಿಮರ್ಶೆಗಳು ಬಂದವು. ದೇಶವಿದೇಶದ ವಿಮರ್ಶಕರೆಲ್ಲ ಒಂದೇ ಸಮನೆ ಹೊಗಳಿದ್ದರು. ಹಳೆಯ ಜೀವ, ಹೊಸ ಮೈ ಎಂದರು. ಬಟನ್ ಒತ್ತಿದ ಕೂಡಲೇ ಏಟು ಬೀಳುವ ಚುರುಕುತನ ಬೇರೆ ಯಾವ ಆಟದಲ್ಲೂ ಇಲ್ಲ ಎಂದರು. ಬೈದವಳು ನಾನೊಬ್ಬಳೇ.

ನಾನು ಹೆದರಬೇಕಿತ್ತು. ಆದರೆ ಜನ ನನ್ನನ್ನು ಹೊಗಳಿದರು! "ನೇರ, ದಿಟ್ಟ ಮಹಿಳೆ." "ಕಂಪನಿಗಳಿಗೆ ತಲೆಬಾಗದ ಏಕೈಕ ವಿಮರ್ಶಕಿ." ಕಾಲೇಜಿನಲ್ಲಿ ಪ್ರಾಂಶುಪಾಲರು ಪ್ರಾರ್ಥನೆಯಾದ ಮೇಲೆ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ದೊಡ್ಡಬೆಳವಂಗಲದಲ್ಲಿ ನಮ್ಮ ದೊಡ್ಡಮ್ಮ ಸಿಕ್ಕವರಿಗೆಲ್ಲ "ನಮ್ ಸುಧಾ ಯಾವ್ದೋ ಫಾರಿನ್ ಕಂಪ್ನಿಗೆ ಮಕಕ್ಕೆ ಉಗ್ದವ್ಳಂತೆ" ಎಂದು ಹೇಳಿಕೊಂಡು ಓಡಾಡಿದರು. ನಾನು ಸೀರೆಯ ಸೆರಗು ಹೊದ್ದು ನಡೆಯಲು ಶುರು ಮಾಡಿದೆ.

ಮೂರನೆಯ ವಾರ, ಊರಿನ ಗೇಮ್ ಪ್ರಿಯರು ಒಂದು ಸಮುದಾಯ ಭವನದಲ್ಲಿ ಸಂವಾದ ಇಟ್ಟುಕೊಂಡರು. ನಾನೇ ಮುಖ್ಯ ಅತಿಥಿ. ಸುಮಾರು ನೂರು ಜನ ಸೇರಿದ್ದರು, ನಮ್ಮ ಪ್ರಾಂಶುಪಾಲರೂ ಬಂದಿದ್ದರು. ಅತ್ತೆ ಘಾಟಿ ಸುಬ್ಬಪ್ಪನಿಗೆ ಹರಕೆ ಹೊತ್ತು, ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಂಪನಿಯ ಕಡೆಯಿಂದ ದಿವ್ಯಾ ಎಂಬ ಹುಡುಗಿ ಬಂದಿದ್ದಳು. ನಾನು ಇಪ್ಪತ್ತು ನಿಮಿಷ ಗುಡುಗಿ, ಕೊನೆಗೆ "ಉತ್ತರ ಕೊಡಿ!" ಎಂದು ಅವಳತ್ತ ಬೆರಳು ತೋರಿಸಿದೆ.

ಅವಳು ಎದ್ದು ನಿಂತಳು. ಜಗಳಕ್ಕೆ ಬಂದವಳಂತೆ ಇರಲಿಲ್ಲ.

"ಮೇಡಂ, ನಾನು ಹೊಸಕೋಟೆಯೋಳು. ಆ ಬಟನ್‌ಗಳ ಕೆಲ್ಸಾನೇ ನಂದು, ಎರಡು ವರ್ಷ ಮಾಡಿದ್ದೀನಿ. ನಮ್ಮಮ್ಮಂಗೆ ಇಂಗ್ಲಿಷ್ ಬರಲ್ಲ. ಬೇರೆಯವರು ಬರ್ದಿದ್ದೊಂದನ್ನೂ ಅವ್ರು ಓದಿಲ್ಲ. ಓದಿದ್ದು ನಿಮ್ಮದೊಂದೇ."

ಅವಳು ಮುಂದುವರಿಸಿದಳು.

"ಓದ್ಬಿಟ್ಟು, 'ನೀನು ಬೆಂಗ್ಳೂರಲ್ಲಿ ಮಾಡ್ತಿದ್ದ ಕೆಲ್ಸ ಇದೇನಾ' ಅಂದ್ರು. ಅದಕ್ಕೆ ಬಂದೆ. ನನ್ನ ತಪ್ಪೇನು ಅಂತ ತೋರ್ಸಿ, ಸರಿ ಮಾಡ್ತೀನಿ."

ನನಗೆ ಕೊಂಚ ಕಸಿವಿಸಿಯಾಯಿತು. ಮಂಜ ಮಾತ್ರ ಹುರುಪಿನಿಂದ, "ತೋರಿಸ್ತೀವಿ ತಾಳಿ! ಅಕ್ಕ ಆಡಿದ್ದೆಲ್ಲ ಮಷೀನಲ್ಲಿ ರೆಕಾರ್ಡ್ ಆಗಿದೆ" ಎಂದು ದೊಡ್ಡ ಪರದೆಗೆ ವಿಡಿಯೊ ಹಾಕಿದ. ಅವನೂ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು.

ಗೋಡೆಯಷ್ಟು ದೊಡ್ಡದಾಗಿ ಇಬ್ಬರು ಜುಟ್ಟಪ್ಪಂದಿರು ಕಾಣಿಸಿಕೊಂಡರು. ಕೆಂಪು ಜುಟ್ಟಪ್ಪನ ತಲೆಯ ಮೇಲೆ ಇಂಗ್ಲಿಷಿನಲ್ಲಿ 'ಮಂಜು' ಎಂದು ಬರೆದಿತ್ತು. ನೀಲಿಯವನ ತಲೆಯ ಮೇಲೆ 'ಅಕ್ಕ' ಎಂದು ಬರೆದಿತ್ತು. ಮನೆಯಲ್ಲಿ ಆಡುವಾಗ ನಾನು ಕನ್ನಡಕ ಹಾಕಿಕೊಂಡಿರಲಿಲ್ಲ.

ನೀಲಿಯವನು ಕೆಂಪಿನವನನ್ನು ಜಜ್ಜಿದ. ಮತ್ತೆ ಜಜ್ಜಿದ. ಮಂಜ ನನ್ನ ಕಡೆ ನೋಡಿದ. ಆ ನೋಟವನ್ನು ನಾನು ವರ್ಣಿಸಲಾರೆ. ನಾಲ್ಕು ವರ್ಷ ನೀರೆರೆದ ಗಿಡವನ್ನು ಸ್ವಂತ ಅಕ್ಕನೇ ಎಮ್ಮೆಗೆ ಮೇಯಿಸಿದರೆ ಮನುಷ್ಯ ಹಾಗೆ ನೋಡುತ್ತಾನೆ.

ದಿವ್ಯಾ ಮೆಲ್ಲಗೆ ಕೇಳಿದಳು. "ಮೇಡಂ, ನೀಲಿಯೋರು ನೀವೇ ಅಲ್ವಾ? ನೀವು ಗೆದ್ದಿದ್ದೀರ. ಎಲ್ಲಾನೂ."

"ಯಾರ... ಯಾರ ಮೇಲೆ?" ಎಂದೆ.

"ಇನ್ನೊಂದು ಕಂಟ್ರೋಲರ್ ಯಾರ ಹತ್ರ ಇತ್ತು?"

ಮೈಕು ಆನ್ ಆಗಿಯೇ ಇತ್ತು. ಮಂಜ ನರಳಿದ್ದು ಭವನಕ್ಕೆಲ್ಲ ಕೇಳಿಸಿತು. "ಅಮ್ಮನ ಮಡಿಲಲ್ಲಿ. ಅವರೆಕಾಯಿ ಕೆಳಗೆ."

ಅತ್ತೆ ಗಾಬರಿಯಿಂದ ಎದ್ದು ನಿಂತರು. "ಅಯ್ಯೋ ಸಿವನೇ! ನಾನ್ಯಾವಾಗಮ್ಮ ನಿನ್ ಜೊತೆ ಗುದ್ದಾಡ್ದೆ? ಒಂದ್ ಮಾತು ಏರಿಸಿ ಆಡಿದ್ದುಂಟಾ ನಾನು?"

ನೂರು ಜನ ಒಟ್ಟಿಗೆ ನಕ್ಕಾಗ ಸಮುದಾಯ ಭವನದ ತಗಡು ಹೇಗೆ ಅದುರುತ್ತದೆ ಎಂಬುದನ್ನು ನಾನು ಅಂದು ಅರಿತೆ. ಪ್ರಾಂಶುಪಾಲರು ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ಅವು ಅವರ ಕಾಲಿನಲ್ಲೇ ಇದ್ದವು.

ಹಾಗೆ ನೋಡಿದರೆ ನಾನು ಖುಷಿಪಡಬೇಕಿತ್ತು. ಕೈ ಹೋಗಿರಲಿಲ್ಲ, ಮೂವತ್ತೊಂದು ಗೆಲುವು ನನ್ನದೇ! ಆದರೆ ಗೆದ್ದದ್ದು ಯಾರ ವಿರುದ್ಧ? ಒಂದು ಮೊರ ಅವರೆಕಾಯಿಯ ವಿರುದ್ಧ. ವೇದಿಕೆ ಇಳಿದು ದಿವ್ಯಾಳ ಕೈ ಹಿಡಿದು, "ಕ್ಷಮಿಸಮ್ಮ, ನಿನ್ನ ಬಟನ್‌ಗಳಲ್ಲಿ ದೋಷವಿಲ್ಲ, ದೋಷ ನನ್ನದು" ಎಂದೆ. ಅವಳು "ಪರವಾಗಿಲ್ಲ ಬಿಡಿ ಮೇಡಂ" ಎಂದಳು. ಕಣ್ಣಲ್ಲಿ ನೀರಿತ್ತು. ಅಳುವೋ ನಗುವೋ ಕೇಳುವ ಧೈರ್ಯ ನನಗಾಗಲಿಲ್ಲ.

ಮಂಜ ಹನ್ನೊಂದು ದಿನ ನನ್ನ ಜೊತೆ ಮಾತು ಬಿಟ್ಟ. ಹನ್ನೆರಡನೆಯ ದಿನ ಬಂದು, ನನ್ನನ್ನು ಬಲಗಡೆ ಕೂರಿಸಿ, ಪರದೆಯ ಮೇಲೆ ಬೆರಳಿಟ್ಟು "ಇದು ನೀನು" ಎಂದು ಅಂಗನವಾಡಿ ಮಗುವಿಗೆ ಹೇಳುವಂತೆ ತೋರಿಸಿ ಆಡಿಸಿದ. ಆಟ ನಿಜಕ್ಕೂ ಚೆನ್ನಾಗಿತ್ತು. ಒತ್ತಿದ ಕೂಡಲೇ ಏಟು ಬೀಳುತ್ತಿತ್ತು. ಮಂಜ ಎಡಗೈಯಲ್ಲಿ ಕಾಫಿ ಕುಡಿಯುತ್ತಲೇ ಒಂಬತ್ತು ಸಲ ನನ್ನನ್ನು ಸೋಲಿಸಿದ.

ಎರಡು ದಿನ ಕೂತು ತಪ್ಪೊಪ್ಪಿಗೆಯ ಹೊಸ ವಿಮರ್ಶೆ ಬರೆದೆ. ಐದಕ್ಕೆ ಐದು ನಕ್ಷತ್ರ. ಒಂದೊಂದು ವಾಕ್ಯವನ್ನೂ ಪ್ರಾಮಾಣಿಕವಾಗಿ, ಎದೆಯ ಮೇಲೆ ಕೈಯಿಟ್ಟುಕೊಂಡು ಬರೆದೆ. ಮಂಜ ಪ್ರಕಟಿಸಿದ ಗಂಟೆಯೊಳಗೆ ಮೊದಲ ಪ್ರತಿಕ್ರಿಯೆ ಬಂತು: "ಮೇಡಂ ಅವರನ್ನು ಕಂಪನಿಯವರು ಕೊಂಡುಕೊಂಡುಬಿಟ್ಟರು." ಅದಕ್ಕೆ ಇನ್ನೂರು ಜನರ ಮೆಚ್ಚುಗೆ.

ಸಂಜೆ ದಿವ್ಯಾ ಫೋನ್ ಮಾಡಿದಳು. ನಾನು ಆಸೆಯಿಂದ ಕೇಳಿದೆ. "ಅಮ್ಮ ಓದಿದ್ರಾ? ಸಮಾಧಾನ ಆಯ್ತಾ?"

"ಓದಿದ್ರು ಮೇಡಂ. ತುಂಬಾ ಖುಷಿಪಟ್ರು. ಆದ್ರೆ... ಬೇಜಾರು ಮಾಡ್ಕೋಬೇಡಿ. 'ಬೈದಿದ್ದೇ ಚೆನ್ನಾಗಿತ್ತು ಕಣೆ, ಇದ್ರಲ್ಲಿ ಕನ್ನಡ ಸಪ್ಪೆಯಾಗಿದೆ' ಅಂದ್ರು."

ನಾನು ಫೋನಿಟ್ಟೆ. ಎರಡೂ ವಿಮರ್ಶೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಈ ಸಲ ಕನ್ನಡಕ ಹಾಕಿಕೊಂಡೇ, ಓದಿದೆ.

ಆ ತಾಯಿಯ ಮಾತು ನಿಜವಾಗಿತ್ತು.